ಏರು ಹತ್ತದ ಮೂತಿ ಲಾರಿ

ಕಡ್ಡಿ ಮೇಸ್ತ್ರಿಗೆ ಆ ಹೆಸರು ಬಂದದ್ದು ಅವರ ಮಾತಿನಿಂದ ಎಂದು ತಿಳಿದವರೇ ಹೆಚ್ಚು. ಮಾತೇನೋ ಕಡ್ಡಿ ಮುರಿದಂತೆಯೇ ಇತ್ತು. "ನಿನ್ನ ಗಾಡಿಗೆ ಏನೂ ಆಗಿಲ್ಲ, ಓಡಿಸೋ ನಿನಗೇ ಆಗಿರೋದು" ಎಂದು ಲಾರಿ ಮಾಲೀಕನ ಮುಖಕ್ಕೇ ಹೇಳಿ ಕಳಿಸುತ್ತಿದ್ದರು. ಬೈಸಿಕೊಂಡು ಹೋದವನು ವಾರ ಕಳೆಯುವುದರೊಳಗೆ ಮತ್ತೆ ಅವರ ಗ್ಯಾರೇಜಿನ ಮುಂದೆಯೇ ಬಂದು ನಿಲ್ಲುತ್ತಿದ್ದ. ಬೈಗುಳಕ್ಕಿಂತ ಕೆಲಸ ದೊಡ್ಡದು ಅಂತ ಅವನಿಗೂ ಗೊತ್ತು.

ಆದರೆ ಹೆಸರಿನ ಮೂಲ ಬೇರೆ. ಎಂಥ ಲಾರಿ ಎಲ್ಲೇ ಕೆಟ್ಟು ನಿಂತಿರಲಿ, ಮೇಸ್ತ್ರಿ ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೊಂದು ಕಡ್ಡಿ ಇಳಿಸಿ ನೋಡುವರು. ಆಮೇಲೆಯೇ ಇಂಜಿನ್ನಿಗೆ ಕೈ. "ಮೊದಲು ಹೊಟ್ಟೆ ನೋಡು, ಆಮೇಲೆ ಎದೆ ನೋಡು" ಎಂದು ಕಸುಬು ಕಲಿಸಿದ ಗುರು ಹೇಳಿಕೊಟ್ಟಿದ್ದ ಪಾಠ ಅದು. ಇಂಜಿನ್ನನ್ನೆಲ್ಲ ಬಿಚ್ಚಿ ಹರವಿಕೊಂಡ ಮೇಲೆ ಟ್ಯಾಂಕು ಖಾಲಿ ಎಂದು ಗೊತ್ತಾಗಿ ನಗೆಪಾಟಲಾದ ಮೇಸ್ತ್ರಿಗಳನ್ನು ಅವರು ಬೇಕಾದಷ್ಟು ಕಂಡಿದ್ದರು. "ಈಗ ತಾನೇ ತುಂಬಿಸ್ಕೊಂಡು ಬಂದೆ ಸ್ವಾಮಿ, ಮುಳ್ಳು ನೋಡಿ, ಫುಲ್ ತೋರಿಸ್ತಾ ಇದೆ" ಎಂದು ಡ್ರೈವರು ಅಲವತ್ತುಕೊಂಡರೂ ಬಿಡುತ್ತಿರಲಿಲ್ಲ. "ಮುಳ್ಳು ಸುಳ್ಳು ಹೇಳತ್ತೆ, ಕಡ್ಡಿ ಹೇಳಲ್ಲ" ಎನ್ನುತ್ತಿದ್ದರು. ಅವರ ಹೆಂಡತಿಯೂ ಜನರೆದುರು ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದಳು, ಮನೆಯೊಳಗೆ ಮಾತ್ರ "ರೀ".

ಹೆಂಡತಿ ಲಾರಿಗಳಿಗೆ ಸೀಟು, ಟಾರ್ಪಾಲು ಹೊಲಿಯುವವಳು. ಮದುವೆಗೆ ಮೊದಲು ಅವಳಪ್ಪನ ಹೊಲಿಗೆ ಅಂಗಡಿ ಗ್ಯಾರೇಜಿನ ಪಕ್ಕದಲ್ಲೇ ಇತ್ತು. ಹರಿಯದ ಸೀಟನ್ನೂ ಹರಿದಿದೆ ಎಂದು ಹೊತ್ತು ತರುತ್ತಿದ್ದ ಹುಡುಗನ ಮೇಲೆ ಅವಳಪ್ಪನಿಗೆ ಅನುಮಾನ ಬಂದು, ಅನುಮಾನ ನಿಜವಾಗಿ, ಕೊನೆಗೆ ಮದುವೆಯೂ ಆಯಿತು. ಮಕ್ಕಳಾಗಲಿಲ್ಲ. ಅದರ ದುಃಖವನ್ನು ಇಬ್ಬರೂ ಹರೆಯದಲ್ಲೇ ಉಂಡು ಮುಗಿಸಿದ್ದರು.

ವಯಸ್ಸಾದ ಮೇಲೆ ಅವರ ಮನೆಗೆ ಬಂದದ್ದು ಒಂದು ಮೂತಿ ಲಾರಿ. ಈಗಿನ ಲಾರಿಗಳಂತೆ ಚಪ್ಪಟೆ ಮುಖದ್ದಲ್ಲ. ಮುಂದಕ್ಕೆ ಚಾಚಿದ ಉದ್ದ ಮೂತಿ, ಅದರ ಎರಡು ಕಡೆ ಉಬ್ಬುಗಣ್ಣಿನ ದೀಪ. ಮೇಸ್ತ್ರಿ ಕಸುಬು ಕಲಿತದ್ದು ಇಂಥದ್ದೇ ಗಾಡಿಯ ಕೆಳಗೆ ಮಲಗಿಕೊಂಡು. ಗುಜರಿಯವನು ಇದನ್ನು ಕತ್ತರಿಸಲು ಗ್ಯಾಸು ಹೊತ್ತಿಸುತ್ತಿದ್ದಾಗ ಅಡ್ಡ ಹೋಗಿ ನಿಂತು, ಎಳೆಸಿಕೊಂಡು ತಂದರು. ಮನೆಯ ಪಕ್ಕದ ಜಾಗದಲ್ಲಿ ತಗಡಿನ ಶೆಡ್ಡು ಎದ್ದಿತು. ವರ್ಷಗಟ್ಟಲೆ ಗಂಡ ಹೆಂಡತಿ ಅದರ ಸೇವೆಗೆ ನಿಂತರು. ಇಂಜಿನ್ನು, ಗೇರು, ತುಕ್ಕು ಕೆರೆಯುವುದು, ಗುಂಡಿಬಿದ್ದ ತಗಡಿಗೆ ಪುಟ್ಟಿ ಮೆತ್ತಿ ಉಜ್ಜುವುದು ಅವರ ಪಾಲು. ಸೀಟು ಹೊಲಿಯುವುದು, ಬಣ್ಣ ಬಳಿಯುವುದು ಅವಳ ಪಾಲು. ಕಡುಹಸಿರು ಬಣ್ಣ ಆರಿಸಿದ್ದೂ ಅವಳೇ. "ಹೆತ್ತ ಮಗೂಗೂ ಇಷ್ಟು ಮಾಡ್ತಿದ್ರೋ ಇಲ್ವೋ" ಎಂದು ಓಣಿಯ ಹೆಂಗಸರು ಅವಳ ಬೆನ್ನ ಹಿಂದೆ ಆಡಿಕೊಂಡರು. ಬೆನ್ನಿಗೂ ಕಿವಿಯಿರುತ್ತದೆ ಎಂಬುದು ಆ ಓಣಿಗೆ ಎಂದೂ ಹೊಳೆದಿರಲಿಲ್ಲ.

ಲಾರಿ ಇನ್ನೇನು ಮುಗಿಯಬೇಕು ಅನ್ನುವ ಹೊತ್ತಿಗೆ ಗ್ಯಾರೇಜಿನಲ್ಲಿ ಆ ಘಟನೆ ನಡೆಯಿತು. ಮರಳು ಸಾಗಿಸುವ ಲಾರಿಯೊಂದರ ಹಿಂದಿನ ಚಕ್ರ ಬಿಚ್ಚಿ ಮತ್ತೆ ಹಾಕಿದ್ದರು ಮೇಸ್ತ್ರಿ. ನಟ್ಟುಗಳನ್ನು ಕೈಯಿಂದ ತಿರುಗಿಸಿ ಕೂರಿಸಿದ್ದರು, ಪಾನಾ ಹಾಕಿ ಬಿಗಿದಿರಲಿಲ್ಲ. ಹೆದ್ದಾರಿಯಲ್ಲಿ ಹಿಂದಿನಿಂದ ಕಟಕಟ ಸದ್ದು ಕೇಳಿ ಡ್ರೈವರು ನಿಲ್ಲಿಸದೆ ಹೋಗಿದ್ದರೆ ಚಕ್ರ ಒಂದು ದಾರಿ, ಲಾರಿ ಒಂದು ದಾರಿ ಆಗುತ್ತಿತ್ತು. ಪಕ್ಕದಲ್ಲಿ ಬೈಕಿನವರು ಹೋಗುತ್ತಿದ್ದರಂತೆ. ಮೇಸ್ತ್ರಿ ಮಾತ್ರ ತಾನು ಬಿಗಿದಿದ್ದೇನೆ ಎಂದೇ ಸಾಧಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಿಗಿದದ್ದು ಅವರಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು, ಅದೇ ಭಯ ಹುಟ್ಟಿಸುವ ಸಂಗತಿ.

ಗ್ಯಾರೇಜನ್ನು ಈಗ ನೋಡಿಕೊಳ್ಳುವವನು ಹೆಂಡತಿಯ ತಮ್ಮ. ಮೇಸ್ತ್ರಿಯ ಕೈಕೆಳಗೇ ಪಳಗಿದವನು. ಅವನು ಗಲಾಟೆ ಮಾಡಲಿಲ್ಲ.

"ಭಾವ, ನೀವು ಒಂದಷ್ಟು ದಿನ ಮನೇಲಿರಿ. ಆ ಮೂತಿ ಲಾರಿ ಮುಗಿಸಿ. ಗ್ಯಾರೇಜು ಎಲ್ಲಿಗೂ ಓಡಿಹೋಗಲ್ಲ."

"ಗ್ಯಾರೇಜು ಓಡಲ್ಲ, ನನ್ನನ್ನ ಓಡಿಸ್ತಾ ಇದೀಯ ಅಷ್ಟೆ" ಎಂದು ಮೇಸ್ತ್ರಿ ಕೈ ಒರೆಸಿಕೊಂಡು ಹೊರಟು ಬಂದರು. ಭಾವಮೈದುನ ಬೈದಿದ್ದರೆ ಚೆನ್ನಾಗಿತ್ತು. ಅವನ ದನಿಯಲ್ಲಿ ಮರುಕವಿತ್ತು, ಅದನ್ನು ನುಂಗುವುದು ಅವರಿಗೆ ಆಗಲಿಲ್ಲ.

ಹೆಂಡತಿ ಆಗಿನಿಂದ ಒಂದೇ ರಾಗ ಹಿಡಿದಳು. ನೆನಪಿನ ತೊಂದರೆ ನೋಡುವ ಡಾಕ್ಟರೊಬ್ಬರು ಆಸ್ಪತ್ರೆಗೆ ಗುರುವಾರ ಗುರುವಾರ ಬರುತ್ತಾರೆ, ಒಂದು ಸಲ ತೋರಿಸಿಕೊಂಡು ಬರೋಣ ಎಂದು. ಮೇಸ್ತ್ರಿ ಮೊದಲು ನಕ್ಕರು, ಆಮೇಲೆ ಸಿಡುಕಿದರು, ಕೊನೆಗೆ ಲಾರಿಯ ಕಡೆ ಕೈ ತೋರಿಸಿದರು.

"ಗಾಡೀಲಿ ಏನೋ ತೊಂದರೆ ಇದೆ. ಅದನ್ನ ನಾನೇ ಹುಡುಕ್ತೀನಿ. ಹುಡುಕಿದೆ ಅಂದ್ರೆ ನನ್ನ ತಲೆ ಸರಿಯಾಗಿದೆ ಅಂತ ಅರ್ಥ. ಆಗ ಡಾಕ್ಟರ ಸುದ್ದಿ ಎತ್ತಬಾರದು."

"ಹುಡುಕದೆ ಹೋದ್ರೆ?"

"ಹುಡುಕ್ತೀನಿ."

ತೊಂದರೆ ಇದ್ದದ್ದು ನಿಜ. ಶೆಡ್ಡಿನಲ್ಲಿ ನಿಂತಾಗ ಲಾರಿ ಹೂ ಎತ್ತಿದ ಹಾಗೆ ಸ್ಟಾರ್ಟಾಗುತ್ತಿತ್ತು. ಎಷ್ಟು ಹೊತ್ತು ಬಿಟ್ಟರೂ ಗಡಗಡ ಎನ್ನುತ್ತ ಹದವಾಗಿ ಓಡುತ್ತಿತ್ತು. ರಸ್ತೆಗಿಳಿಸಿದರೆ ಶಾಲೆ ದಾಟಿ, ಎಣ್ಣೆ ಗಿರಣಿಯ ತಿರುವು ದಾಟಿ, ನೀರಿನ ಟ್ಯಾಂಕಿನ ಕಡೆ ಹೋಗುವ ಏರಿನ ನಡುವೆ ಉಸಿರು ಸಿಕ್ಕಿಕೊಂಡಂತಾಗಿ, ಎರಡು ಸಲ ಮುಗ್ಗರಿಸಿ ನಿಂತುಬಿಡುವುದು. ಮೇಸ್ತ್ರಿ ಇಳಿದು ಪದ್ಧತಿಯಂತೆ ಟ್ಯಾಂಕಿಗೆ ಕಡ್ಡಿ ಹಾಕಿ ನೋಡುವರು. ಡೀಸೆಲ್ ಬೇಕಾದಷ್ಟಿದೆ. ಆಮೇಲೆ ಮೂತಿ ಎತ್ತಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುವರು. ಮೊದಲು ನೊರೆ, ಆಮೇಲೆ ಡೀಸೆಲ್ ಚಿಮ್ಮುವುದು. ಸ್ಕ್ರೂ ಬಿಗಿದು ಸ್ಟಾರ್ಟು ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುವುದು.

ನೊರೆ ಬರುತ್ತದೆ ಎಂದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದೇ ಮೇಸ್ತ್ರಿಯ ಲೆಕ್ಕ. ಡೀಸೆಲ್ ಬರುವ ಕೊಳವೆ ಬದಲಿಸಿದರು. ಏರಿನಲ್ಲಿ ನಿಂತಿತು. ತಾಮ್ರದ ವಾಷರುಗಳನ್ನೆಲ್ಲ ಬದಲಿಸಿದರು. ನಿಂತಿತು. ಪಂಪನ್ನೇ ಬಿಚ್ಚಿ, ಬಟ್ಟೆಯ ಮೇಲೆ ಒಂದೊಂದೇ ಬಿಡಿಭಾಗ ಇಟ್ಟು, ತೊಳೆದು, ಮತ್ತೆ ಜೋಡಿಸಿದರು. ಈ ಸಲ ಗೆದ್ದೆ ಎಂದುಕೊಂಡು ಹೊರಟರೆ ಅದೇ ಏರು, ಅದೇ ಮುಗ್ಗರಿಕೆ. ಏರಿನ ಪಕ್ಕದ ಮನೆಯ ಮುದುಕಪ್ಪ ಮೆಟ್ಟಿಲ ಮೇಲೆ ಕುಳಿತು, "ಇವತ್ತೂ ಬಂತಾ ಮದುವಣಗಿತ್ತಿ" ಎಂದು ಕೇಳುವುದು ವಾಡಿಕೆಯಾಯಿತು.

"ಭಾವ, ನಾನೊಂದು ಸಲ ನೋಡ್ಲಾ?" ಎಂದು ಭಾವಮೈದುನ ಕೇಳಿದ್ದ.

"ನೀನು ಗ್ಯಾರೇಜು ನೋಡ್ಕೊ" ಎಂದಿದ್ದರು.

ಹೊರಗೆ ಬಿರುಸು, ಒಳಗೆ ಅಳುಕು. ಯಾರಿಗೂ ಹೇಳದ ಒಂದು ಸಂಗತಿ ಮೇಸ್ತ್ರಿಯ ಹೊಟ್ಟೆಯಲ್ಲಿತ್ತು. ಒಂದು ಸಂಜೆ ಸೋಪು ತರಲು ಹೋದವರು ಬರುವಾಗ ಗಿರಣಿಯ ತಿರುವಿನಲ್ಲಿ ನಿಂತುಬಿಟ್ಟಿದ್ದರು. ಎಡಕ್ಕೋ ಬಲಕ್ಕೋ ಗೊತ್ತಾಗಲಿಲ್ಲ. ಹುಟ್ಟಿ ಬೆಳೆದ ಊರಿನ ಬೀದಿ ಯಾರದೋ ಊರಿನದರಂತೆ ಕಂಡಿತು. ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ನಿಂತಿದ್ದರು, ಪರಿಚಯದವನೊಬ್ಬ "ಮನೆ ಕಡೆಗಾ ಮೇಸ್ತ್ರಿ" ಎಂದು ಮುಂದೆ ನಡೆದಾಗ ಅವನ ಹಿಂದೆಯೇ ಹೊರಟರು. ಇನ್ನು ಸಾಮಾನಿನ ಹೆಸರುಗಳಂತೂ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂರುತ್ತಿದ್ದವು. "ಅದು ಕೊಡೇ, ಅದು, ಬಾಯಿ ಅಗಲ ಇರೋದು" ಎಂದರೆ ಹೆಂಡತಿ ಸರಿಯಾದದ್ದನ್ನೇ ಕೈಗಿಡುತ್ತಿದ್ದಳು. ಈಚೆಗೆ ಅವರು ಕೇಳುವ ಮೊದಲೇ ಅವಳು ಕೊಡುತ್ತಿದ್ದಳು. ಅದು ಅವರಿಗೆ ಮುದುಕಪ್ಪನ ಕುಹಕಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಒಂದು ಬುಧವಾರ ಬೆಳಿಗ್ಗೆ ಅವಳು ಕಾಫಿ ಕೊಟ್ಟು ಎದುರಿಗೇ ಕೂತಳು.

"ನಾಳೆ ಡಾಕ್ಟರು ಬರ್ತಾರೆ. ನಿಮ್ಮ ಹೆಸರು ಬರೆಸಿದೀನಿ."

"ಯಾರನ್ನ ಕೇಳಿ?"

"ಯಾರನ್ನೂ ಕೇಳಿಲ್ಲ. ಚಕ್ರ ಕಳಚಿ ಯಾರ ಮೇಲಾದ್ರೂ ಹೋಗಿದ್ರೆ ಆಮೇಲೆ ಯಾರನ್ನ ಕೇಳ್ಬೇಕಿತ್ತು?"

ಚಕ್ರದ ಮಾತನ್ನು ಅವಳು ಅದುವರೆಗೆ ಒಮ್ಮೆಯೂ ಎತ್ತಿರಲಿಲ್ಲ. ಮೇಸ್ತ್ರಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಗಾಡಿಯ ಚಾವಿ ತೆಗೆದುಕೊಂಡರು. "ಇವತ್ತು ನೋಡೇಬಿಡ್ತೀನಿ" ಎಂದರು. ಅವಳು ಬಾಗಿಲಿಗೆ ಚಿಲಕ ಹಾಕಿ, ತನ್ನ ಹೊಲಿಗೆ ಚೀಲ ಹೆಗಲಿಗೇರಿಸಿ, ಹೇಳಿಸಿಕೊಳ್ಳದೆಯೇ ಪಕ್ಕದ ಸೀಟಿನಲ್ಲಿ ಹತ್ತಿ ಕೂತಳು.

ಶಾಲೆ ದಾಟಿತು. ಗಿರಣಿ ದಾಟಿತು. ಏರಿನ ನಡುವೆ ಇಂಜಿನ್ನು ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿ ನಿಂತಿತು. ಹಿಂದಿದ್ದ ವ್ಯಾನಿನವನು ಹಾರನ್ನು ಒತ್ತಿ ಹಿಡಿದು, ಪಕ್ಕದಿಂದ ನುಗ್ಗಿ ಹೋಗುತ್ತ ತಲೆ ಹೊರಹಾಕಿ, "ಮ್ಯೂಸಿಯಮ್ಮಿಗೆ ಕೊಟ್ಬಿಡಿ ಯಜಮಾನ್ರೆ, ಜೊತೆಗೆ ನೀವೂ ಹೋಗ್ಬಿಡಿ" ಎಂದ. ಎಂದಿನ ಮೇಸ್ತ್ರಿಯಾಗಿದ್ದರೆ ಅವನ ಮೂರು ತಲೆಮಾರಿಗಾಗುವಷ್ಟು ಕೊಡುತ್ತಿದ್ದರು. ಇವತ್ತು ಇಳಿದು ನೇರವಾಗಿ ಮೂತಿ ಎತ್ತಿದರು. ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರು.

ಏನೂ ಬರಲಿಲ್ಲ.

ಮತ್ತೆ ಒತ್ತಿದರು. ನೊರೆಯೂ ಇಲ್ಲ, ಡೀಸೆಲ್ಲೂ ಇಲ್ಲ. ಬಾಯಿ ಮುಚ್ಚಿದ ಬಾಟಲಿಯಿಂದ ನೀರು ಹೀರಲು ಹೋದಂತೆ ಪಂಪು ಬಿಗಿಯಾಗಿತ್ತು. ಇಷ್ಟು ದಿನ ಒಂದು ಸಲವೂ ಹೀಗಾಗಿರಲಿಲ್ಲ. ಪಂಪೂ ಹೋಯಿತೇ? ತಾನೇ ಜೋಡಿಸಿದ ಪಂಪು. ಜೋಡಿಸುವಾಗ ಏನಾದರೂ ಬಿಟ್ಟೆನೇ? ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಬಿಡಿಭಾಗಗಳನ್ನು ನೆನಪು ಮಾಡಿಕೊಳ್ಳಲು ನೋಡಿದರು. ಬಟ್ಟೆ ನೆನಪಾಯಿತು. ಅದರ ಮೇಲಿದ್ದದ್ದು ನೆನಪಾಗಲಿಲ್ಲ. ಮರಳು ಲಾರಿಯ ನಟ್ಟುಗಳು ಕಣ್ಣೆದುರು ಬಂದವು.

"ಪ್ರತಿ ಸಲ ಬರ್ತಿತ್ತು" ಎಂದರು, ಯಾರಿಗೆಂದಿಲ್ಲದೆ. "ಪ್ರತಿ ಸಲ ಮಾಡಿದ್ದೇ ಇವತ್ತೂ ಮಾಡಿದೀನಿ. ಇವತ್ತು ಯಾಕೆ ಬರಲ್ಲ?"

ಹೆಂಡತಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಬಂದು ಅವರ ಪಕ್ಕದಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಕಡ್ಡಿಯಿತ್ತು. ಕೇಳುತ್ತಾರೆಂದು ಆಗಿನಿಂದ ಹಿಡಿದು ಕಾಯುತ್ತಿದ್ದಳು.

"ಇದನ್ನ ಹಾಕ್ಲಿಲ್ಲವಲ್ಲ ಇವತ್ತು" ಎಂದಳು.

ಮೇಸ್ತ್ರಿ ಕಡ್ಡಿಯನ್ನೂ ಅವಳನ್ನೂ ನೋಡಿದರು. ಆಮೇಲೆ ಕಡ್ಡಿ ತೆಗೆದುಕೊಳ್ಳದೆ ಟ್ಯಾಂಕಿನ ಹತ್ತಿರ ಹೋಗಿ ಮುಚ್ಚಳಕ್ಕೆ ಕೈ ಹಾಕಿದರು. ಯಾರೋ ಒಳಗಿನಿಂದ ಹಿಡಿದುಕೊಂಡಂತೆ ಅದು ಬಿಗಿಯಾಗಿತ್ತು. ಎರಡೂ ಕೈ ಹಾಕಿ ತಿರುಗಿಸಿದಾಗ ಸುಯ್ಯೆಂದು ಗಾಳಿ ಒಳಗೆ ನುಗ್ಗಿತು, ಒಳಕ್ಕೆ ಕುಗ್ಗಿದ್ದ ಟ್ಯಾಂಕಿನ ತಗಡು ಡುಮ್ಮೆಂದು ಹೊರಕ್ಕೆ ಚಿಮ್ಮಿತು.

ರಟ್ಟೆಯ ಬಲದಿಂದ ಬದುಕಿದವರಿಗೆ ಇಂಥ ಕ್ಷಣಗಳು ಹೆಚ್ಚು ಸಿಗುವುದಿಲ್ಲ. ಮೇಸ್ತ್ರಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಟ್ಯಾಂಕಿನ ಮುಚ್ಚಳದಲ್ಲಿ ಸಾಸಿವೆ ಕಾಳು ಹಿಡಿಸುವಷ್ಟು ಒಂದು ತೂತಿರುತ್ತದೆ. ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಲು ಅದೇ ದಾರಿ. ಆ ತೂತು ಮುಚ್ಚಿದರೆ ಇಂಜಿನ್ನು ಎಳೆದಷ್ಟೂ ಟ್ಯಾಂಕು ಬಿಗಿಯುತ್ತ ಹೋಗಿ, ಕೊನೆಗೆ ಡೀಸೆಲ್ ಬಿಟ್ಟುಕೊಡುವುದೇ ಇಲ್ಲ. ಶೆಡ್ಡಿನಲ್ಲಿ ಸುಮ್ಮನೆ ನಿಂತು ಓಡುವಾಗ ಕುಡಿಯುವುದು ಕಡಿಮೆ, ಅದಕ್ಕೇ ಅಲ್ಲಿ ತೊಂದರೆಯಿಲ್ಲ. ಏರಿನಲ್ಲಿ ಕುಡಿಯುವುದು ಹೆಚ್ಚು. ಪ್ರತಿ ಸಲ ನಿಂತಾಗಲೂ ಅವರು ಮೊದಲು ಮಾಡುತ್ತಿದ್ದದ್ದು ಮುಚ್ಚಳ ತೆಗೆದು ಕಡ್ಡಿ ಹಾಕುವುದು. ವ್ಯಾನಿನವರು, ಬೈಕಿನವರು ಓಡಾಡುವ ಗದ್ದಲದಲ್ಲಿ ಆ ಸುಯ್ ಸದ್ದು ಕಿವಿಗೆ ಬಿದ್ದಿರಲಿಲ್ಲ. ಇವತ್ತು ಕೈಪಂಪೂ ಸೇರಿ ಎಳೆದದ್ದಕ್ಕೇ ಮುಚ್ಚಳ ಇಷ್ಟು ಬಿಗಿದದ್ದು. ರೋಗ ನೋಡುವ ಮೊದಲೇ ಅವರ ಕೈ ಅದನ್ನು ವಾಸಿಮಾಡಿ ಮುಗಿಸುತ್ತಿತ್ತು, ಆಮೇಲೆ ಇಲ್ಲದ ರೋಗವನ್ನು ಇಂಜಿನ್ನಿನಲ್ಲಿ ಹುಡುಕುತ್ತಿದ್ದರು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ವಲ್ಲೇ" ಎಂದು ನಕ್ಕರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಹೆಂಡತಿಗೆ ಅರ್ಥವಾಗದಿದ್ದರೂ ಅವಳೂ ನಕ್ಕಳು, ಆಮೇಲೆ ಅವರು ವಿವರಿಸಿದ ಮೇಲೆ ಇನ್ನೊಮ್ಮೆ ನಕ್ಕಳು. ಮುಚ್ಚಳವನ್ನು ಸಡಿಲವಾಗಿ ಕೂರಿಸಿ, ಕೈಪಂಪು ಒತ್ತಿ, ಸ್ಟಾರ್ಟು ಮಾಡಿದರು. ಲಾರಿ ಗಡಗಡನೆ ಏರು ಹತ್ತಿತು. ಮುದುಕಪ್ಪ ಮೆಟ್ಟಿಲಿನಿಂದ ಎದ್ದು ನಿಂತು ನೋಡಿದ. ನೀರಿನ ಟ್ಯಾಂಕಿನ ಹತ್ತಿರ ಬಯಲಿದ್ದಲ್ಲಿ ಮೇಸ್ತ್ರಿ ಗಾಡಿ ನಿಲ್ಲಿಸಿ ಕೆಳಗಿಳಿದರು.

"ನೋಡಿದ್ರಾ, ನಿಮ್ಮ ತಲೆ ಸರಿಯಾಗೇ ಇದೆ" ಎಂದಳು ಅವಳು, ಆಚೆ ಕಡೆಯಿಂದ ಇಳಿದು ಬರುತ್ತ. ಅವಳ ಮುಖ ಅರಳಿತ್ತು. "ನಾಳೆ ಆಸ್ಪತ್ರೆಗೆ ಹೋಗೋದು ಬೇಡ. ಹೆಸರು ತೆಗೆಸಿಬಿಡ್ತೀನಿ. ನನ್ನ ತಮ್ಮನಿಗೂ ಹೇಳ್ಬೇಕು."

"ಕಡ್ಡಿ ಹಾಕೋದು ಮರೆತೆ ಕಣೇ" ಎಂದರು ಮೇಸ್ತ್ರಿ.

"ಅದಕ್ಕೇನೀಗ. ಆ ವ್ಯಾನಿನವನು ಹಾರನ್ ಹೊಡೆದ ಗಡಿಬಿಡೀಲಿ ಮರೆತ್ರಿ. ಮರೆತಿದ್ದೇ ಒಳ್ಳೇದಾಯ್ತು."

ಅವರು ಹೋಗಿ ಟ್ಯಾಂಕಿನ ಮುಚ್ಚಳ ಬಿಚ್ಚಿ ತಂದರು. ಅವಳ ಚೀಲದಿಂದ ಟಾರ್ಪಾಲು ಹೊಲಿಯುವ ದಪ್ಪ ಸೂಜಿ ಇಸಕೊಂಡು, ಮುಚ್ಚಳದ ತೂತಿದ್ದ ಜಾಗ ಕೆರೆಯತೊಡಗಿದರು. ಮೇಲೆ ಹಸಿರು ಬಣ್ಣ ಪದರಪದರವಾಗಿ ಎದ್ದಿತು. ಬಣ್ಣವೇ ತೂತಿಗಿಳಿದು ಒಣಗಿದೆ, ಬಳಿದವಳನ್ನು ಒಂದಿಷ್ಟು ರೇಗಿಸಬಹುದು ಎಂದುಕೊಂಡಿದ್ದರು. ಬಣ್ಣದ ಕೆಳಗೆ ಬೂದುಬಣ್ಣದ ಪುಟ್ಟಿ ಕಂಡಿತು. ತೂತಿಗೆ ಒತ್ತಿ ತುಂಬಿ, ನೀಟಾಗಿ ಉಜ್ಜಿ ನುಣುಪು ಮಾಡಿದ ಪುಟ್ಟಿ.

"ಇಲ್ಲಿಗೆ ಪುಟ್ಟಿ ಹಚ್ಚಿದ್ದು ಯಾರೇ?"

ಅವಳು ಚೀಲದ ಬಾಯಿ ಕಟ್ಟುತ್ತ ಹೇಳಿದಳು. "ನಾನೇ ಇರ್ಬೇಕು. ಬಣ್ಣ ಹಚ್ಚೋವಾಗ."

ಮೇಸ್ತ್ರಿ ಸೂಜಿ ನಿಲ್ಲಿಸಿದರು. ಪುಟ್ಟಿ ಕೈಗೆ ತಾಗಿದರೆ ಅವಳಿಗೆ ಬೊಬ್ಬೆ ಏಳುತ್ತದೆ. ಮೊದಲ ದಿನ ಬಾಗಿಲಿಗೆ ಮೆತ್ತಲು ಹೋಗಿ ಬೆರಳೆಲ್ಲ ಊದಿ, ಹದಿನೈದು ದಿನ ಸೂಜಿ ಹಿಡಿಯಲಾಗದೆ ಕೂತಿದ್ದಳು. ಆಮೇಲೆ ಪುಟ್ಟಿಯ ಡಬ್ಬಿಯನ್ನು ಅವಳು ಮುಟ್ಟಿದ್ದೇ ಇಲ್ಲ. ಅಷ್ಟು ಅವರಿಗೆ ಚೆನ್ನಾಗಿ ನೆನಪಿತ್ತು. ತಾನು ಈ ಮುಚ್ಚಳ ಕೈಗೆತ್ತಿಕೊಂಡದ್ದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ತನ್ನೆದುರು ಸುಳ್ಳು ಹೇಳಿದ್ದು ಇದೇ ಮೊದಲೋ, ಅಥವಾ ಈಚೆಗೆ ದಿನವೂ ಹೇಳುತ್ತಿದ್ದಾಳೋ ಎಂದು ಯೋಚಿಸಿದರು. ಕೇಳುವ ಮೊದಲೇ ಕೈಗೆ ಬರುತ್ತಿದ್ದ ಪಾನಾಗಳೆಲ್ಲ ಈಗ ಲೆಕ್ಕಕ್ಕೆ ಬಂದವು.

"ನಿಜ ಹೇಳು" ಎಂದರು. ದನಿಯಲ್ಲಿ ಕೋಪವಿರಲಿಲ್ಲ.

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನೀವೇ ಹಚ್ಚಿದ್ದು. ನಾನು ಪಕ್ಕದಲ್ಲೇ ಕೂತಿದ್ದೆ. ಅದೊಂದು ಸಣ್ಣ ತೂತಿದೆಯಲ್ಲ, ಅದು ಬೇಕಾಗುತ್ತೇನೋ ಅಂತ ಕೇಳಿದೆ. ತುಕ್ಕು ತಿಂದ ತೂತು ಅದು, ಮುಚ್ಚದೆ ಬಿಟ್ರೆ ನೀರು ಇಳಿಯುತ್ತೆ ಅಂದ್ರಿ."

ಮೇಸ್ತ್ರಿ ಮುಚ್ಚಳವನ್ನು ತಿರುಗಿಸಿ ನೋಡಿದರು. ನಟ್ಟು ಬಿಗಿಯಲು ಮರೆಯುವುದು ಬೇರೆ, ಕಡ್ಡಿ ಹಾಕಲು ಮರೆಯುವುದು ಬೇರೆ. ಅದನ್ನು ವಯಸ್ಸಿನ ಮೇಲೆ, ವ್ಯಾನಿನವನ ಮೇಲೆ ಹಾಕಿ ನುಣುಚಿಕೊಳ್ಳಬಹುದು. ಕಸುಬಿಗೆ ಬಂದ ಹೊಸದರಲ್ಲೇ ಗುರು ತೋರಿಸಿಕೊಟ್ಟ ತೂತನ್ನು ಕೈಯಲ್ಲಿ ಹಿಡಿದುಕೊಂಡು ಅದು ಏನೆಂದು ಗೊತ್ತಾಗದೆ ಹೋದದ್ದನ್ನು ಯಾರ ಮೇಲೂ ಹಾಕುವಂತಿರಲಿಲ್ಲ. ಅವತ್ತು ಅದನ್ನು ಮುಚ್ಚಿದವನು ತಾನಲ್ಲ, ತನ್ನ ಕೈಯಿರುವ ಇನ್ನೊಬ್ಬ ಯಾರೋ ಎಂದು ಅವರಿಗೆ ಅನ್ನಿಸಿತು.

"ನಾಳೆ ಹೋಗೋಣ" ಎಂದರು. "ನೀನು ಒಳಗೆ ಬರ್ಬೇಕು. ಡಾಕ್ಟರು ಕೇಳಿದ್ದಕ್ಕೆಲ್ಲ ನೀನೇ ಹೇಳು. ನನ್ನನ್ನ ಬಚಾವ್ ಮಾಡೋಕೆ ಹೋಗ್ಬೇಡ. ಇದನ್ನೂ ಹೇಳು."

"ಗಾಡಿ ಸರಿಮಾಡಿದ್ದೂ ಹೇಳ್ತೀನಿ" ಎಂದಳು ಅವಳು.

"ಹೇಳು. ಅದೂ ನಿಜವೇ."

ಅವರು ಸೂಜಿಯಿಂದ ಕೊನೆಯ ಪುಟ್ಟಿಯನ್ನು ಕೆದಕಿ ತೆಗೆದರು. ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತು ತೆರೆದಿದೆಯೆಂದು ನೋಡಿ, ಟ್ಯಾಂಕಿಗೆ ಹಾಕಿ ಬಿಗಿದರು. ಬಿಗಿದಿದೆಯೇ ಎಂದು ಅವಳಿಗೂ ತಿರುಗಿಸಿ ನೋಡಲು ಹೇಳಿದರು. ಅವಳು ನೋಡಿ ಹೂಂ ಎಂದಳು. ಆಮೇಲೆ ಚಾವಿಯನ್ನು ಅವಳ ಕೈಗೆ ಕೊಟ್ಟು, ಎಡಗಡೆಗೆ ಸುತ್ತಿ ಬಂದು, ಡ್ರೈವರಿನ ಪಕ್ಕದ ಸೀಟಿಗೆ ಹತ್ತಿದರು.

"ನಿನ್ನ ತಮ್ಮನಿಗೆ ಫೋನ್ ಮಾಡು. ಗಾಡಿ ಸರಿಹೋಗಿದೆ, ಓಡಿಸ್ಕೊಂಡು ಹೋಗೋಕೆ ಬಾ ಅನ್ನು."

ಅವಳು ಕೆಳಗೆ ನಿಂತು ಅವರನ್ನೇ ನೋಡಿದಳು. ಅವರು ಮುಂದಿನ ಗಾಜಿನ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಅವಳು ಚೀಲದಿಂದ ಫೋನ್ ತೆಗೆದಳು.